ಕಿವಿ ಮೊದಲು, ಕ್ಯಾಮೆರಾ ಆಮೇಲೆ: ಕಾವೇರಿ ದಂಡೆಯ ಹಾಡುಹಕ್ಕಿಗಳು

(ಮೈಸೂರಿನಲ್ಲಿ ಹವ್ಯಾಸಿ ಛಾಯಾಗ್ರಾಹಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಅಂದು ಪರದೆಯ ಮೇಲೆ ತೋರಿಸಿದ ಚಿತ್ರಗಳನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕಾವೇರಿಯ ದಂಡೆಯಲ್ಲಿ ಹಕ್ಕಿಗಳ ಚಿತ್ರ ತೆಗೆಯುತ್ತೇನೆಂದು ನಾನು ಹೇಳಿದರೆ, ಕೇಳಿದವರ ಬಾಯಲ್ಲಿ ಮರುಕ್ಷಣವೇ ಬರುವ ಮಾತು ‘ರಂಗನತಿಟ್ಟಾ?’ ಎಂಬುದು. ಅದರಲ್ಲಿ ತಪ್ಪೇನೂ ಇಲ್ಲ. ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಗೆ ಬಂದಿದ್ದ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ, 2022ರಲ್ಲಿ ಜಗತ್ತಿನ ಮಹತ್ವದ ಜೌಗುನೆಲೆಗಳ ರಾಮ್ಸಾರ್ ಪಟ್ಟಿಗೂ ಸೇರಿದ ಆ ಪುಟ್ಟ ನಡುಗಡ್ಡೆಗಳ ಗುಂಪು ನಮ್ಮ ಹೆಮ್ಮೆಯೇ ಸರಿ. ಆದರೆ ಅಲ್ಲಿ ದೋಣಿ ಹತ್ತಿದವರ ಕ್ಯಾಮೆರಾಗಳೆಲ್ಲ ಕೊಕ್ಕರೆಗಳ ಕಡೆಗೆ, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಯ ಕಡೆಗೆ ತಿರುಗಿರುವಾಗ, ದಂಡೆಯ ಹೊಂಗೆಯ ನೆರಳಿನಲ್ಲಿ ಅಂಗೈಯಷ್ಟು ದೊಡ್ಡದೂ ಅಲ್ಲದ ಒಂದು ಹಕ್ಕಿ ಹಾಡುತ್ತಿರುತ್ತದೆ, ಅದನ್ನು ಯಾರೂ ತಿರುಗಿ ನೋಡುವುದಿಲ್ಲ. ನನ್ನ ಮಾತು ಆ ಹಕ್ಕಿಗಳ ಕುರಿತು.

ಹಾಡುಹಕ್ಕಿ ಎಂದರೆ ಇಂಪಾಗಿ ಹಾಡುವ ಹಕ್ಕಿ ಎಂದಷ್ಟೇ ಅಲ್ಲ. ಕೋಗಿಲೆ ನಮ್ಮ ಕಾವ್ಯಗಳಲ್ಲಿ ಎಷ್ಟೇ ಹಾಡಿದ್ದರೂ ಪಕ್ಷಿಶಾಸ್ತ್ರದ ಲೆಕ್ಕದಲ್ಲಿ ಹಾಡುಹಕ್ಕಿಯಲ್ಲ. ಕರ್ಕಶವೆಂದು ನಾವು ಓಡಿಸುವ ಕಾಗೆ ಹಾಡುಹಕ್ಕಿ. ವ್ಯತ್ಯಾಸ ಇರುವುದು ಧ್ವನಿಪೆಟ್ಟಿಗೆಯ ರಚನೆಯಲ್ಲಿ. ನಮ್ಮ ಧ್ವನಿಪೆಟ್ಟಿಗೆ ಗಂಟಲಿನ ಮೇಲ್ಭಾಗದಲ್ಲಿದ್ದರೆ, ಹಕ್ಕಿಯದು ಎದೆಯೊಳಗೆ, ಶ್ವಾಸನಾಳವು ಎರಡು ಕವಲಾಗುವ ಜಾಗದಲ್ಲಿದೆ. ಹಾಡುಹಕ್ಕಿಗಳಲ್ಲಿ ಅದನ್ನು ಹಿಡಿತದಲ್ಲಿಟ್ಟುಕೊಳ್ಳುವ ಸ್ನಾಯುಗಳು ಹೆಚ್ಚು ಸೂಕ್ಷ್ಮವಾಗಿದ್ದು, ಎರಡೂ ಕವಲುಗಳಿಂದ ಬೇರೆ ಬೇರೆ ಸ್ವರಗಳನ್ನು ಒಮ್ಮೆಗೇ ಹೊರಡಿಸಬಲ್ಲವು. ಶರೀರಶಾಸ್ತ್ರದ ಈ ಪಾಠ ಛಾಯಾಗ್ರಾಹಕನಿಗೆ ಏಕೆಂದು ನೀವು ಕೇಳಬಹುದು. ಹಾಡು ಎದೆಯಾಳದಿಂದ ಏಳುವುದರಿಂದ ಹಾಡುವ ಹಕ್ಕಿಯ ಇಡೀ ಮೈ ಅದರಲ್ಲಿ ತೊಡಗಿರುತ್ತದೆ: ಕತ್ತು ನೀಳವಾಗುತ್ತದೆ, ಗಂಟಲಿನ ಗರಿಗಳು ಉಬ್ಬುತ್ತವೆ, ಬಾಲ ಅದರದೇ ಲಯದಲ್ಲಿ ಏರಿಳಿಯುತ್ತದೆ. ಸುಮ್ಮನೆ ಕೂತ ಹಕ್ಕಿಯ ಚಿತ್ರಕ್ಕೂ ಹಾಡುತ್ತಿರುವ ಹಕ್ಕಿಯ ಚಿತ್ರಕ್ಕೂ ಇರುವ ಅಂತರ ತೆರೆದ ಕೊಕ್ಕು ಮಾತ್ರ ಅಲ್ಲ.

ಕಪ್ಪುಬಿಳುಪಿನ ಮಡಿವಾಳ ಹಕ್ಕಿಯನ್ನೇ ನೋಡಿ. ಶ್ರೀರಂಗಪಟ್ಟಣದ ತೋಟಗಳಲ್ಲಿ, ಹೊಳೆಯಂಚಿನ ತೆಂಗಿನ ಸಾಲುಗಳಲ್ಲಿ ಬೇಸಿಗೆ ಕಾಲಿಡುತ್ತಿದ್ದಂತೆ ಗಂಡು ಮಡಿವಾಳ ಎತ್ತರದ ಒಂದು ಬೋಳುಕೊಂಬೆಯನ್ನು ತನ್ನ ಪೀಠ ಮಾಡಿಕೊಳ್ಳುತ್ತದೆ. ನಾಳೆ ಬೆಳಿಗ್ಗೆಯೂ ಅದೇ ಕೊಂಬೆ, ನಾಡಿದ್ದೂ ಅದೇ. ಅದರ ಹಾಡು ಒಂದೇ ಉಸಿರಿನ ಆಲಾಪನೆಯಲ್ಲ; ಒಂದು ಸೊಲ್ಲು, ಸಣ್ಣ ವಿರಾಮ, ಮತ್ತೊಂದು ಸೊಲ್ಲು. ಮೊದಲ ದಿನ ಕ್ಯಾಮೆರಾವನ್ನು ಚೀಲದಿಂದ ಹೊರತೆಗೆಯದೆ ಈ ವಿರಾಮಗಳನ್ನು ಎಣಿಸಿರಿ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಮುಂದಿನ ಸೊಲ್ಲು ಯಾವಾಗ ಏಳುತ್ತದೆಂಬುದು ನಿಮ್ಮ ಬೆರಳಿಗೇ ಗೊತ್ತಾಗಿರುತ್ತದೆ. ಸೆಕೆಂಡಿಗೆ ಇಪ್ಪತ್ತು ಚಿತ್ರ ತೆಗೆಯುವ ಕ್ಯಾಮೆರಾ ಕೈಯಲ್ಲಿದ್ದೂ ಕೊಕ್ಕು ಮುಚ್ಚಿದ ಇನ್ನೂರು ಚಿತ್ರಗಳನ್ನು ಮನೆಗೆ ತಂದವರನ್ನು ನಾನು ಕಂಡಿದ್ದೇನೆ. ಆ ಸಾಲಿನಲ್ಲಿ ಮೊದಲಿಗನೂ ನಾನೇ.

ಕಿವಿ ಇನ್ನೊಂದು ಕೆಲಸಕ್ಕೂ ಬೇಕು. ಹಕ್ಕಿಯ ಹಾಡು ಬೇರೆ, ಕರೆ ಬೇರೆ. ಹಾಡು ಬಹುಮಟ್ಟಿಗೆ ಸಂತಾನದ ಋತುವಿನದು: ಗಡಿ ಸಾರುವುದಕ್ಕೆ, ಸಂಗಾತಿಯನ್ನು ಕರೆಯುವುದಕ್ಕೆ. ಕರೆಗಳು ವರ್ಷವಿಡೀ ಇರುವ ದಿನಬಳಕೆಯ ಮಾತುಗಳು; ಅವುಗಳಲ್ಲಿ ಎಚ್ಚರಿಕೆಯ ಕೂಗನ್ನು ನಾವು ಮೊದಲು ಕಲಿಯಬೇಕು. ಅದೇ ಮಡಿವಾಳ ಹಾಡನ್ನು ನಿಲ್ಲಿಸಿ, ಒಣ ಗರಗಸ ಎಳೆದಂತಹ ಒರಟು ದನಿಯಲ್ಲಿ ಗೊಣಗತೊಡಗಿದರೆ, ಅಲ್ಲಿ ಬೆಕ್ಕೋ ಹಾವೋ ಬಂದಿದೆ, ಇಲ್ಲವೇ ನೀವು ಬಂದಿದ್ದೀರಿ ಎಂದು ಅರ್ಥ. ಆಗ ಮುಂದಿಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದೊಂದೇ ದಾರಿ. ಎಷ್ಟು ಮೀಟರ್ ದೂರ ನಿಲ್ಲಬೇಕು ಎಂದು ಹೊಸಬರು ನನ್ನನ್ನು ಕೇಳುತ್ತಾರೆ. ಆ ಅಳತೆಯನ್ನು ಹೇಳಬೇಕಾದದ್ದು ಹಕ್ಕಿ.

ಕಿವಿಯನ್ನು ಪೂರ್ತಿ ನಂಬುವಂತೆಯೂ ಇಲ್ಲ. ಮುತ್ತತ್ತಿ, ಭೀಮೇಶ್ವರಿ ಕಡೆಯ ಹೊಳೆಗಾಡಿನಲ್ಲಿ ಶಿಕ್ರಾ ಗಿಡುಗದ ಕೂಗು ಕೇಳಿ ಅರ್ಧ ಗಂಟೆ ಮರಗಳನ್ನೆಲ್ಲ ಹುಡುಕಿದ ಮೇಲೆ, ಎದುರಿಗೇ ಕುಳಿತ ಕಾಜಾಣ ಅದೇ ಕೂಗಿನ ಬೆನ್ನಿಗೆ ಬೇರೆ ಮೂರು ಹಕ್ಕಿಗಳ ದನಿಯನ್ನೂ ಸೇರಿಸಿ ಒಪ್ಪಿಸಿದ್ದನ್ನು ಕೇಳಿ ನಾಚಿ ನಕ್ಕಿದ್ದೇನೆ.

ಇನ್ನು ಹೊಳೆಯ ವಿಷಯ. ನದಿಯ ದಂಡೆಯನ್ನು ಹಿನ್ನೆಲೆಯ ಅಲಂಕಾರವೆಂದು ಎಣಿಸಿದವನಿಗೆ ಅಲ್ಲಿನ ಹಕ್ಕಿಗಳು ಸಿಕ್ಕುವುದಿಲ್ಲ. ಕಾವೇರಿಯ ಅಂಚಿನಲ್ಲಿ ಬೇರುಗಳನ್ನು ನೀರಿಗೇ ಇಳಿಬಿಟ್ಟು ನಿಂತಿರುವ ಹೊಳೆಮತ್ತಿಯ ಮರಗಳು, ಅವುಗಳ ಹಿಂದೆ ಹೊಂಗೆ, ನೇರಳೆ, ಹುಣಸೆ, ಬಿದಿರಿನ ಮೆಳೆ. ಅದರಾಚೆಗೆ, ಹತ್ತಿಪ್ಪತ್ತು ಹೆಜ್ಜೆಯಲ್ಲೇ, ಒಣ ಬಯಲು. ನೆರಳು, ನೀರು, ಹುಳ ಮೂರೂ ಈ ಕಿರಿದಾದ ಪಟ್ಟಿಯೊಳಗೆ ಒಟ್ಟಿಗಿರುವುದರಿಂದ ಕಾಡಿನ ಹಕ್ಕಿಗಳು ಇದೇ ಓಣಿಯನ್ನು ಹಿಡಿದು ಬಯಲುಸೀಮೆಯ ನಡುವಿನವರೆಗೂ ಇಳಿದು ಬರುತ್ತವೆ. ಕೃಷ್ಣರಾಜಸಾಗರದಿಂದ ಕೆಳಗೆ ಹೊಳೆಯ ಮಟ್ಟ ಮಳೆಯನ್ನು ಮಾತ್ರ ಅವಲಂಬಿಸಿಲ್ಲ. ಅಣೆಕಟ್ಟೆಯ ಬಾಗಿಲುಗಳನ್ನೂ ಅವಲಂಬಿಸಿದೆ. ನಿನ್ನೆ ಸಂಜೆ ಬಾಲ ಕುಣಿಸುವ ಕುಂಡೆಕುಸ್ಕ ಹಕ್ಕಿ ಓಡಾಡಿದ ಬಂಡೆ ಇಂದು ಮುಂಜಾನೆ ನೀರಿನಡಿ ಇರಬಹುದು. ಹೊಳೆಯ ನಡುವಿನ ಬಂಡೆಗೆ ದಾಟಿ ಕೂರುವ ಉತ್ಸಾಹಿಗಳು ಇದನ್ನು ಮರೆಯಬಾರದು. ಚಿತ್ರಕ್ಕಾಗಿ ನೀರಿನ ಮಟ್ಟಕ್ಕೆ ಇಳಿದು ಮಲಗಿ ಎಂಬ, ಬೇರೆ ದೇಶಗಳ ಕೊಳಗಳಿಗೆ ಒಪ್ಪುವ ಸಲಹೆಯನ್ನು ಮೊಸಳೆಗಳಿರುವ ಕಾವೇರಿಯಲ್ಲಿ ಕಣ್ಣುಮುಚ್ಚಿ ಪಾಲಿಸಲಾಗದು. ಕೆಳಗಿನ ಕಾಡುಭಾಗವಂತೂ 1987ರಿಂದ ಕಾವೇರಿ ವನ್ಯಜೀವಿಧಾಮ. ಸಂಜೆ ಆನೆಗಳು ನೀರಿಗಿಳಿಯುವ ಜಾಗ. ಅಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ, ಅವರ ಸಿಬ್ಬಂದಿಯ ಜೊತೆಯಿಲ್ಲದೆ ತಿರುಗಬಾರದು.

ಹೊಸಬರು ಎಲ್ಲಿಂದ ಆರಂಭಿಸಬೇಕು ಎಂದರೆ ನಾನು ಊರಿನ ಸ್ನಾನಘಟ್ಟಗಳನ್ನು ತೋರಿಸುತ್ತೇನೆ. ಬಟ್ಟೆ ಒಗೆಯುವವರ, ಮೀಯುವವರ ಕಾಲಬುಡದಲ್ಲೇ ಬಾಲ ಕುಣಿಸುತ್ತ ಓಡಾಡುವ ಬಿಳಿಹುಬ್ಬಿನ ಕುಂಡೆಕುಸ್ಕ ಅಲ್ಲಿ ಸಿಕ್ಕೇ ಸಿಗುತ್ತದೆ. (ಹೆಸರು ಸಭೆಯಲ್ಲಿ ಹೇಳಲು ಸ್ವಲ್ಪ ಸಂಕೋಚ ತರುವಂಥದ್ದು, ನಿಜ. ಆದರೆ ಒಂದೇ ಪದದಲ್ಲಿ ಹಕ್ಕಿಯ ಇಡೀ ನಡವಳಿಕೆಯನ್ನು ಹಿಡಿದಿಟ್ಟ ಈ ಹೆಸರನ್ನು ಬಿಟ್ಟು ಬೇರೊಂದನ್ನು ಹುಡುಕುವ ಮನಸ್ಸು ನನಗಿಲ್ಲ.) ಬೂದು ಬಣ್ಣದ ಅದರ ನೆಂಟ ಚಳಿಗಾಲಕ್ಕೆ ಬಂದು ಹೋಗುವ ವಲಸಿಗ. ಇದು ಮಾತ್ರ ವರ್ಷವಿಡೀ ಇಲ್ಲೇ ಉಳಿದು, ಹೊಳೆಯ ಬಂಡೆಗಳ ಸಂದಿಯಲ್ಲೋ ಸೇತುವೆಯ ಕಿಂಡಿಯಲ್ಲೋ ಗೂಡು ಕಟ್ಟುವ ಒಕ್ಕಲು. ಬೇಸಿಗೆಯ ನಸುಕಿನಲ್ಲಿ ಮಂಟಪದ ಮೇಲೆ ನಿಂತು ಅದು ಹಾಡುವ ಹಾಡು ಮಡಿವಾಳದ ಹಾಡಿಗೆ ಯಾವ ರೀತಿಯಲ್ಲೂ ಕಡಿಮೆಯದಲ್ಲ. ಮನುಷ್ಯರ ಸಹವಾಸ ಪಳಗಿದ ಹಕ್ಕಿಯಾದ್ದರಿಂದ, ಮೆಟ್ಟಿಲ ಮೇಲೆ ಅಲುಗಾಡದೆ ಕೂತರೆ ತಾನಾಗಿಯೇ ನಾಲ್ಕೈದು ಮೀಟರ್ ಹತ್ತಿರಕ್ಕೆ ಬರುತ್ತದೆ. 300 ಮಿಲಿಮೀಟರಿನ ಹಳೆಯ ಮಸೂರವಿದ್ದರೂ ಸಾಕು. ಎಚ್ಚರ ಬೇಕಾದದ್ದು ಬೆಳಕಿನಲ್ಲಿ: ಕಪ್ಪು ತಲೆ, ಅಪ್ಪಟ ಬಿಳಿಯ ಹುಬ್ಬು, ಬಿಳಿಯ ಹೊಟ್ಟೆ. ಕ್ಯಾಮೆರಾ ಕಪ್ಪನ್ನು ನೋಡಿ ಮೋಸಹೋಗಿ ಬೆಳಕು ಹೆಚ್ಚಿಸಿಬಿಟ್ಟರೆ ಬಿಳಿಯ ಗರಿಗಳು ಸುಣ್ಣ ಬಳಿದಂತಾಗುತ್ತವೆ, ಅಲ್ಲಿ ಕಳೆದುಹೋದ ಗರಿಯ ಗೆರೆಗಳನ್ನು ಆಮೇಲೆ ಯಾವ ತಂತ್ರಾಂಶವೂ ಮರಳಿ ತರಲಾರದು. ಬಿಳಿಯನ್ನು ಉಳಿಸಿಕೊಳ್ಳಿ, ಕಪ್ಪನ್ನು ಮನೆಯಲ್ಲಿ ಕೂತು ಎತ್ತಿಕೊಳ್ಳಬಹುದು.

ಬಿಳಿಯ ಮಾತು ಬಂದದ್ದರಿಂದ, ನೀವೆಲ್ಲ ಕಾಯುತ್ತಿರುವ ರಾಜಹಕ್ಕಿಗೆ ಬರುತ್ತೇನೆ. ಕೆಲವರು ಇದನ್ನು ಬಾಲದಂಡೆ ಹಕ್ಕಿ ಎಂದೂ ಕರೆಯುತ್ತಾರೆ. ಮಿರುಗುವ ಕಪ್ಪು ತಲೆ, ಅದರ ಮೇಲೆ ಜುಟ್ಟು, ಕಣ್ಣಿನ ಸುತ್ತ ನೀಲಿ ಬಳೆ, ಹಾಲುಬಿಳಿಯ ಮೈ, ಹಿಂದೆ 30 ಸೆಂಟಿಮೀಟರಿನವರೆಗೂ ಬೆಳೆಯುವ ಎರಡು ನೀಳ ಬಾಲದ ಗರಿಗಳು. ಎಲ್ಲ ಗಂಡುಗಳೂ ಬಿಳಿಯಲ್ಲ, ಇಟ್ಟಿಗೆಗೆಂಪಿನವೂ ಇವೆ. ಎಳೆಯ ಗಂಡುಗಳಿಗೆ ಈ ಬಾಲ ಬರಲು ಎರಡು ಮೂರು ವರ್ಷ ಬೇಕು. ಹಿಮಾಲಯದ ತಪ್ಪಲಿನ ಕಡೆಯಿಂದ ಚಳಿಗಾಲ ಕಳೆಯಲು ಬರುವವು ಕಾವೇರಿಯ ಬಿದಿರುಮೆಳೆಗಳಲ್ಲಿ ತಂಗುತ್ತವೆ. ಇಷ್ಟು ಚೆಲುವಿನ ಹಕ್ಕಿಯ ದಿನನಿತ್ಯದ ಕರೆ ಮಾತ್ರ ತುಕ್ಕು ಹಿಡಿದ ಬಾಗಿಲಿನ ಕೀಲಿನಂತೆ ಒರಟು. ಆದರೆ ಆ ಒರಟು ದನಿಯೇ ನಮಗೆ ಉಪಕಾರಿ, ಮೆಳೆಯೊಳಗೆ ಹಕ್ಕಿ ಯಾವ ದಿಕ್ಕಿಗೆ ಸರಿಯುತ್ತಿದೆ ಎಂಬುದನ್ನು ಅದು ಕಾಣುವ ಮೊದಲೇ ತಿಳಿಸುತ್ತದೆ.

ಈ ಹಕ್ಕಿಯ ಬೆನ್ನುಹತ್ತಿ ಓಡುವುದು ವ್ಯರ್ಥ. ಎಲೆಗಳ ನಡುವೆ ಹುಳ ಹಿಡಿಯುತ್ತ ಕ್ಷಣಕ್ಕೊಂದು ಕೊಂಬೆ ಬದಲಿಸುವ ಅದರ ತಲೆ ಸಿಕ್ಕರೆ ಬಾಲ ಸಿಗದು, ಬಾಲ ಸಿಕ್ಕರೆ ತಲೆ ಸಿಗದು. ಆದರೆ ಅದಕ್ಕೊಂದು ಸ್ನಾನದ ಹೊತ್ತಿದೆ. ಇಳಿಹೊತ್ತಿನಲ್ಲಿ, ಸಾಮಾನ್ಯವಾಗಿ ನಾಲ್ಕೂವರೆಯಿಂದ ಸೂರ್ಯ ಮುಳುಗುವವರೆಗೆ, ಹೊಳೆಯ ಮುಖ್ಯ ಹರಿವಿಗಲ್ಲ, ಬಂಡೆಗಳ ನಡುವೆ ನಿಂತ ನೆರಳಿನ ಹೊಂಡಕ್ಕೆ ಬರುತ್ತದೆ. ಬೇರೆ ಹಕ್ಕಿಗಳಂತೆ ಅಂಚಿನಲ್ಲಿ ನಿಂತು ರೆಕ್ಕೆ ತೋಯಿಸಿಕೊಳ್ಳುವುದಿಲ್ಲ. ಮೇಲಿನ ಕೊಂಬೆಯಿಂದ ನೇರ ನೀರಿಗೆ ಧುಮುಕಿ, ಮೈ ಒದ್ದೆಯಾದ ಕೂಡಲೆ ಎದ್ದು, ಅದೇ ಕೊಂಬೆಗೋ ಪಕ್ಕದ್ದಕ್ಕೋ ಮರಳಿ, ಗರಿ ಕೊಡವಿ, ಮತ್ತೆ ಧುಮುಕುತ್ತದೆ.

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. 500 ಮಿಲಿಮೀಟರಿನ ಮಸೂರವನ್ನು ಪೂರ್ಣ ಚೌಕಟ್ಟಿನ (ಹಳೆಯ ಫಿಲಂ ಚೌಕಟ್ಟಿನಷ್ಟೇ ದೊಡ್ಡ ಸಂವೇದಕವಿರುವ) ಕ್ಯಾಮೆರಾಕ್ಕೆ ಹಾಕಿ 8 ಮೀಟರ್ ದೂರದಲ್ಲಿ ಕೂತರೆ, ಚೌಕಟ್ಟಿನ ಉದ್ದನೆಯ ಬದಿಗೆ ಸಿಗುವುದು ಸುಮಾರು 57 ಸೆಂಟಿಮೀಟರ್. ಹಕ್ಕಿಯ ಮೈ 20, ಬಾಲ 30, ಒಟ್ಟು 50. ಬಾಲದ ತುದಿ ಚೌಕಟ್ಟಿನ ಗೋಡೆಗೆ ತಾಗುತ್ತದೆ. ಹಕ್ಕಿ ನೀರಿಗಿಳಿದರಂತೂ ಹೊರಗೇ. ಇನ್ನು ಮಸೂರದ ಕಿಂಡಿಯನ್ನು ಎಫ್/4ರಷ್ಟು ಅಗಲ ತೆರೆದಾಗ ಸ್ಪಷ್ಟವಾಗಿ ಮೂಡುವ ಆಳ ಆರು ಸೆಂಟಿಮೀಟರ್ ಮಾತ್ರ. ಹಕ್ಕಿ ಸ್ವಲ್ಪ ಓರೆಯಾಗಿ ಕೂತರೂ ಕಣ್ಣು ಸ್ಪಷ್ಟ, ಬಾಲ ಮಸುಕು. ಆದ್ದರಿಂದ ರಾಜಹಕ್ಕಿಗೆ ಹತ್ತಿರ ಹೋಗುವುದು ಚಿತ್ರದ ದೃಷ್ಟಿಯಿಂದಲೇ ತಪ್ಪು. 12 ಮೀಟರ್ ದೂರಕ್ಕೆ ಸರಿಯಿರಿ. ಬಾಲ ಬೀಸಲು ಜಾಗವೂ ಸಿಗುತ್ತದೆ, ಹೊಂಡವೂ ಬಂಡೆಯೂ ಚಿತ್ರದೊಳಗೆ ಬರುತ್ತವೆ, ಹಕ್ಕಿಗೂ ನೆಮ್ಮದಿ.

ಧುಮುಕುವ ಕ್ಷಣವನ್ನು ಹಿಡಿಯುವ ಆಸೆ ಎಲ್ಲರಿಗೂ ಇರುತ್ತದೆ. ಅದಕ್ಕೆ ಸೆಕೆಂಡಿನ 2000ನೇ ಒಂದು ಭಾಗದ ಶಟರ್ ವೇಗವಾದರೂ ಬೇಕು, ಆ ಹೊತ್ತಿನ ನೆರಳಿನಲ್ಲಿ ಅಷ್ಟು ಬೆಳಕಿರುವುದಿಲ್ಲ. ಗುಂಡಿ ಒತ್ತುವ ಅರೆಗಳಿಗೆ ಮೊದಲಿನ ಚಿತ್ರಗಳನ್ನೂ ಉಳಿಸಿಕೊಡುವ ಸೌಲಭ್ಯ ಈಗಿನ ಕೆಲವು ಕನ್ನಡಿರಹಿತ ಕ್ಯಾಮೆರಾಗಳಲ್ಲಿದೆ, ಇದ್ದವರು ಪ್ರಯತ್ನಿಸಲಿ. ನಾನು ಅದನ್ನು ಬಿಟ್ಟುಕೊಟ್ಟು, ಸ್ನಾನ ಮುಗಿಸಿ ಕೊಂಬೆಗೆ ಮರಳಿದ ಹಕ್ಕಿಗಾಗಿ ಕಾಯುತ್ತೇನೆ. ಮೈ ಕೊಡವುವಾಗ ಎರಡು ನೀಳ ಗರಿಗಳು ಗಾಳಿಯಲ್ಲಿ ಬರೆಯುವ ಸುರುಳಿ, ಸುತ್ತ ಸಿಡಿದ ಹನಿಗಳು, ಕಣ್ಣಿನ ಬಳಿ ಮಾತ್ರ ಒಂದಿಷ್ಟು ನಿಶ್ಚಲತೆ. ಸೆಕೆಂಡಿನ 250ನೇ ಭಾಗದ ವೇಗದಲ್ಲಿ ಬಾಲ ಮಸುಕಾಗುತ್ತದೆ. ಆಗಲಿ. ಆ ಮಸುಕಿನಲ್ಲೇ ಬಾಲದ ಚಲನೆ ಕಾಣುತ್ತದೆ.

ಈ ಹೊಂಡದ ಬಳಿ ನಾನು ಮಾಡಿದ ಒಂದು ತಪ್ಪನ್ನು ಹೇಳಬೇಕು. ಸುತ್ತಲಿನ ಕೊಂಬೆಗಳು ಸಿಕ್ಕುಸಿಕ್ಕಾಗಿ ಚಿತ್ರಗಳು ಚೊಕ್ಕಟವಾಗಿ ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ, ಕಲ್ಲುಹೂವು ಹತ್ತಿದ ಸೊಗಸಾದ ಒಣಕೊಂಬೆಯೊಂದನ್ನು ತಂದು ಹೊಂಡದಂಚಿನ ಬಯಲಿನಲ್ಲಿ ನೆಟ್ಟು, ಎದುರಿನ ಎರಡು ಹಸಿರು ಟೊಂಗೆಗಳನ್ನು ಬಗ್ಗಿಸಿ ಕಟ್ಟಿದೆ. ಯೋಜನೆ ಫಲಿಸಿತು. ಪಿಕಳಾರಗಳು, ನೀಲಿ ನೊಣಹಿಡುಕ, ಎರಡು ದಿನ ಬಿಟ್ಟು ರಾಜಹಕ್ಕಿ, ಎಲ್ಲವೂ ಆ ಕೊಂಬೆಯ ಮೇಲೇ ಕೂರತೊಡಗಿದವು. ವಾರದೊಳಗೆ ಒಂದು ಶಿಕ್ರಾ ಗಿಡುಗವೂ ಆ ಕೊಂಬೆಯ ವಿಷಯ ತಿಳಿದುಕೊಂಡಿತು. ನನ್ನ ಕಣ್ಣೆದುರಿಗೇ ಒದ್ದೆ ಮೈಯ ಪಿಕಳಾರವೊಂದನ್ನು ಅದು ಎತ್ತಿಕೊಂಡು ಹೋಯಿತು. ಗಿಡುಗಕ್ಕೂ ಹೊಟ್ಟೆಯಿದೆ, ಬೇಟೆ ಅದರ ಧರ್ಮ. ಆದರೆ ಮೈ ಒದ್ದೆಯಾಗಿ ಹಾರಾಟ ನಿಧಾನವಾದ ಹೊತ್ತಿನಲ್ಲಿ ಹಕ್ಕಿಗೆ ಮರೆಯಾಗಿದ್ದ ಸಿಕ್ಕುಕೊಂಬೆಗಳನ್ನು ನಾನು ಬಗ್ಗಿಸಿ ಕಟ್ಟಿ, ಬಯಲಿನಲ್ಲಿ ಅದಕ್ಕೊಂದು ಪೀಠ ಹಾಕಿಕೊಟ್ಟಿದ್ದೆ. ಅಂದು ಸಂಜೆ ಕಟ್ಟು ಬಿಚ್ಚಿ, ಕೊಂಬೆಯನ್ನು ಹೊಳೆಗೆ ಹಾಕಿದೆ. ಆ ವಾರದ ಚಿತ್ರಗಳನ್ನು ನಿಮಗೆ ತೋರಿಸಿಲ್ಲ. ನೋಡಿದ್ದರೂ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಕಾಣುತ್ತಿರಲಿಲ್ಲ, ಎಲ್ಲದರಲ್ಲೂ ಅದೇ ಕೊಂಬೆ.

ಉಪನ್ಯಾಸದ ನಂತರ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ. ಹಿರಿಯರೊಬ್ಬರು, ‘ಹಿಂದಿನ ದೊಡ್ಡ ಛಾಯಾಗ್ರಾಹಕರೆಲ್ಲ ಗೂಡಿನ ಮುಂದೆಯೇ ಚಿತ್ರ ತೆಗೆದರಲ್ಲ, ಗೂಡೆಂದರೆ ನಿಮಗೇಕೆ ಇಷ್ಟು ಮಡಿ?’ ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರ ತಲೆಮಾರಿನವರ ಕೈಯಲ್ಲಿದ್ದದ್ದು ಮಂದಬೆಳಕಿಗೆ ಒಗ್ಗದ ಫಿಲಂ, ಕೈಯಿಂದ ತಿರುಗಿಸಿ ಸರಿಹೊಂದಿಸುವ ಮಸೂರ, ರೀಲೊಂದಕ್ಕೆ 36 ಚಿತ್ರ. ಹಕ್ಕಿ ಒಂದು ನಿಶ್ಚಿತ ಬಿಂದುವಿಗೆ ಮತ್ತೆ ಮತ್ತೆ ಬರುವ ಜಾಗ ಗೂಡೊಂದೇ ಆದ್ದರಿಂದ, ಮರೆ ಕಟ್ಟಿಕೊಂಡು ದಿನಗಟ್ಟಲೆ ಕಾಯುವ ಸಂಯಮವೂ ಇದ್ದದ್ದರಿಂದ, ಅವರ ಕಾಲದಲ್ಲಿ ಆ ರೂಢಿ ಬೆಳೆಯಿತು. ಇಂದು ನಮ್ಮ ಕ್ಯಾಮೆರಾ ಮಬ್ಬಿನಲ್ಲೂ ಕಾಣುತ್ತದೆ, ಹಕ್ಕಿಯ ಕಣ್ಣನ್ನು ತಾನೇ ಹುಡುಕಿಕೊಳ್ಳುತ್ತದೆ. ಆ ಸಂಯಮ ಮಾತ್ರ ಕಡಿಮೆಯಾಗಿದೆ. ಅಂದು ಒಂದು ಗೂಡಿನ ಮುಂದೆ ಒಬ್ಬರು ಕೂರುತ್ತಿದ್ದರೆ, ಇಂದು ಗೂಡಿನ ಸುದ್ದಿ ಮೊಬೈಲಿನಲ್ಲಿ ಹರಡಿ ಭಾನುವಾರ ಮೂವತ್ತು ಜನ ನಿಂತಿರುತ್ತಾರೆ. ಜನ ಸೇರಿದಲ್ಲಿ ಕಾಗೆಗಳ ಗಮನವೂ ಅತ್ತ ಹರಿಯುತ್ತದೆ. ಗೂಡಿನ ಚಿತ್ರಗಳನ್ನು ಹಲವು ಸ್ಪರ್ಧೆಗಳು ಈಗ ಸ್ವೀಕರಿಸುವುದೇ ಇಲ್ಲ, ಅದು ಸರಿಯೆಂದೇ ನನ್ನ ಅಭಿಪ್ರಾಯ.

ಎರಡನೆಯ ಪ್ರಶ್ನೆ ಒಬ್ಬ ವಿದ್ಯಾರ್ಥಿನಿಯದು. ಮೊಬೈಲಿನಲ್ಲಿ ಹಕ್ಕಿಯ ಹಾಡು ಹಾಕಿದರೆ ಹಕ್ಕಿ ಎದುರಿಗೇ ಬಂದು ಕೂರುತ್ತದೆ, ಅದರಿಂದ ಏನು ಹಾನಿ ಎಂದು. ಹಕ್ಕಿ ಬರುವುದು ನಿಜ. ಸಂಗೀತ ಕೇಳಿ ಮೆಚ್ಚಿ ಬರುವುದಲ್ಲ, ತನ್ನ ಗಡಿಯೊಳಗೆ ಬೇರೊಂದು ಗಂಡು ನುಗ್ಗಿದೆಯೆಂದು ಜಗಳಕ್ಕೆ ಬರುವುದು. ಹುಳ ಹಿಡಿಯುವ, ಮರಿಗೆ ಉಣಿಸುವ ಹೊತ್ತನ್ನು ಬಿಟ್ಟು, ಇಲ್ಲದ ಎದುರಾಳಿಗಾಗಿ ಹುಡುಕಾಡಿ ಬಸವಳಿಯುತ್ತದೆ. ಕಲಿಯಲು ಆ ಧ್ವನಿಮುದ್ರಿಕೆಗಳು ಬಹಳ ಒಳ್ಳೆಯವು. ಮನೆಯಲ್ಲಿ ಕೂತು ಕೇಳಿರಿ. ಇನ್ನೊಂದು ಮಾತು: ಕೆರಳಿ ಬಂದ ಹಕ್ಕಿಯ ನಿಲುವು ನೆಮ್ಮದಿಯ ಹಕ್ಕಿಯ ನಿಲುವಲ್ಲ. ಗರಿ ಬಿಗಿದು, ಮುಂದಕ್ಕೆ ಬಾಗಿ, ಕಣ್ಣು ಅತ್ತಿತ್ತ ಅರಸುತ್ತಿರುವ ಆ ಚಿತ್ರವನ್ನು ನೋಡಿದ ಕೂಡಲೆ, ಹಕ್ಕಿಗಳನ್ನು ಬಲ್ಲವರಿಗೆ ಅದು ಹೇಗೆ ತೆಗೆದದ್ದೆಂದು ತಿಳಿಯುತ್ತದೆ.

ಕೊನೆಗೆ ಹೊಳೆಯ ಮೇಲ್ಭಾಗಕ್ಕೆ, ಭಾಗಮಂಡಲದಾಚೆಗೆ ಹೋಗೋಣ. ಅಲ್ಲಿ ಕಾವೇರಿ ಇನ್ನೂ ದಾಟಿಬಿಡಬಹುದಾದ ತೊರೆ. ಆ ತೊರೆಗಳ ಒಡೆಯ ಮಲಬಾರ್ ಸಿಳ್ಳಾರ. ಸುಮಾರು 25 ಸೆಂಟಿಮೀಟರಿನ, ಮೊದಲ ನೋಟಕ್ಕೆ ಬರೀ ಕಪ್ಪೆನಿಸುವ ಹಕ್ಕಿ. ಹಣೆಯ ಮೇಲೂ ಹೆಗಲಿನ ಮೇಲೂ ಅದಕ್ಕೆ ಹೊಳೆಯುವ ನೀಲಿಯ ತೇಪೆಗಳಿವೆ. ಹಕ್ಕಿಗಳ ನೀಲಿ ಬಣ್ಣದ್ರವ್ಯದಿಂದ ಬಂದದ್ದಲ್ಲ, ಗರಿಯ ಸೂಕ್ಷ್ಮ ರಚನೆಯಲ್ಲಿ ಬೆಳಕು ಚದುರಿ ಹುಟ್ಟಿದ್ದು. ಆದ್ದರಿಂದ ಬೆಳಕು ತಕ್ಕ ಕೋನದಿಂದ ಬಿದ್ದಾಗ ಮಾತ್ರ ಸಿಳ್ಳಾರದ ನೀಲಿ ಹೊತ್ತಿಕೊಳ್ಳುತ್ತದೆ, ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಆರಿಹೋಗುತ್ತದೆ. ಮಧ್ಯಾಹ್ನ ಬಂಡೆಯ ಮೇಲೆ ಕುಪ್ಪಳಿಸುತ್ತ ಏಡಿಯನ್ನೋ ಹುಳವನ್ನೋ ಹೆಕ್ಕುವ ಸಿಳ್ಳಾರದ ನೀಲಿಯನ್ನು ನಾನು ಹಲವು ಬಾರಿ ಹಿಡಿದಿದ್ದೇನೆ, ಪರದೆಯ ಮೇಲಿನ ಕಡೆಯ ಚಿತ್ರ ಅಂಥದ್ದೇ.

ಆದರೆ ಅದರಲ್ಲಿ ಹಾಡಿಲ್ಲ. ಸಿಳ್ಳಾರ ಮನದಣಿಯೆ ಹಾಡುವುದು ಬೆಳಕು ಹರಿಯುವ ಮೊದಲು. ಮುಂಗಾರು ಹಿಡಿದ ಮೇಲೆ, ತೊರೆಯ ಮೊರೆತವನ್ನೂ ಮೀರಿ, ದಾರಿಯಲ್ಲಿ ಹೋಗುತ್ತಿರುವ ಹುಡುಗ ತಾಳತಪ್ಪಿ ಸಿಳ್ಳು ಹಾಕುತ್ತಿರುವಂತೆ ಕೇಳುವ ಆ ಹಾಡು ಐದು ಗಂಟೆಯ ಕತ್ತಲಿನಲ್ಲಿ ಏಳುತ್ತದೆ. ಕ್ಯಾಮೆರಾಕ್ಕೆ ಸಾಕಾಗುವಷ್ಟು ಬೆಳಕು ಬರುವ ಹೊತ್ತಿಗೆ ಸೊಲ್ಲುಗಳ ನಡುವಿನ ವಿರಾಮ ಹಿಗ್ಗುತ್ತ ಹೋಗಿ, ಹಕ್ಕಿ ಹೊಟ್ಟೆಪಾಡಿಗೆ ತೊರೆಗೆ ಇಳಿದಿರುತ್ತದೆ. ಈಗ ಅಲ್ಲಿಗೆ ಹೋದಾಗ ಮಳೆಗೆ ನೆನೆಯದಂತೆ ಕ್ಯಾಮೆರಾವನ್ನು ಚೀಲದೊಳಗೇ ಬಿಟ್ಟು, ಕೊಡೆ ಹಿಡಿದು, ತೊರೆಯ ದಂಡೆಯಲ್ಲಿ ಬೆಳಕಾಗುವವರೆಗೂ ನಿಂತಿರುತ್ತೇನೆ.